ಒಂದು ಲಘು, ಒಂದು ಗುರು

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ನನಗೆ ‘ಲಘು’ ಎಂಬ ಪದದ ಮೇಲೆ ಮೊದಲಿನಿಂದಲೂ ಗುಮಾನಿ. ಸಮಾರಂಭಗಳ ‘ಲಘು ಉಪಾಹಾರ’ದಲ್ಲಿ ಕೇಸರಿಬಾತು, ಉಪ್ಪಿಟ್ಟು, ವಡೆ ಮುಗಿದ ಮೇಲೆ ಮಸಾಲೆದೋಸೆ ಬರುತ್ತದೆ. ‘ಲಘುವಾಗಿ ತೆಗೆದುಕೊಳ್ಳಿ’ ಎಂದವರು ಸಾಮಾನ್ಯವಾಗಿ ಏನೋ ಭಾರವಾದದ್ದನ್ನೇ ತಲೆಯ ಮೇಲೆ ಹಾಕಿರುತ್ತಾರೆ. ಆದ್ದರಿಂದ ಗುರುಗ್ರಾಮದಲ್ಲಿರುವ ಮಗ ಫೋನು ಮಾಡಿ, ‘ಅಮ್ಮಾ, ನಿಮ್ಮಿಬ್ರಿಗೂ ಧರ್ಮಶಾಲೆಗೆ ಬುಕ್ ಮಾಡಿದೀನಿ. ಟಿಬೆಟಿಯನ್ ಕಲ್ಚರ್, ಜೊತೆಗೆ ಲೈಟ್ ಅಡ್ವೆಂಚರ್’ ಎಂದಾಗ ನನ್ನ ಮಂಡಿಗಳು ಮನಸ್ಸಿಗಿಂತ ಮೊದಲೇ ಹೆದರಿದವು.

‘ಟಿಬೆಟಿಯನ್ನರನ್ನ ನೋಡೋಕೆ ಅಷ್ಟು ದೂರ ಯಾಕೋ? ಸೇತುವೆ ದಾಟಿದ್ರೆ ಸಾಕಲ್ಲ’ ಎಂದೆ.

‘ನೀನು ಯಾವತ್ತು ದಾಟಿದೀಯಾ?’ ಎಂದ.

ಮಾತು ನಿಜ. ನಾವು ಕುಶಾಲನಗರದವರು. ಕಾವೇರಿ ಸೇತುವೆ ದಾಟಿ ಕೊಪ್ಪ ಗೇಟಿನಲ್ಲಿ ಬಲಕ್ಕೆ ತಿರುಗಿದರೆ ಐದಾರು ಕಿಲೋಮೀಟರಿನೊಳಗೆ ಬೈಲಕುಪ್ಪೆಯ ಕ್ಯಾಂಪುಗಳು. ಅಲ್ಲಿನ ನಾಮ್ಡ್ರೋಲಿಂಗ್ ಮಠದ ದೇವಾಲಯ ನಮ್ಮ ಬಾಯಲ್ಲಿ ‘ಗೋಲ್ಡನ್ ಟೆಂಪಲ್’. ಅದು ನಮ್ಮ ಪಾಲಿಗೆ ನೆಂಟರನ್ನು ಕರೆದೊಯ್ಯುವ ಜಾಗ. 1999ರಲ್ಲಿ ಅದು ಉದ್ಘಾಟನೆಯಾದ ಮೇಲೆ ಬೇಸಿಗೆ ರಜೆಗೆ ಬಂದ ಪ್ರತಿಯೊಬ್ಬ ಅತ್ತಿಗೆ, ನಾದಿನಿಯನ್ನೂ ಅರವತ್ತು ಅಡಿಯ ಬುದ್ಧನ ಮುಂದೆ ನಿಲ್ಲಿಸಿ ಫೋಟೊ ತೆಗೆಸಿ, ಮೊಮೊ ತಿನ್ನಿಸಿ ವಾಪಸು ತಂದಿದ್ದೇನೆ. ದೇವಾಲಯದ ಹಿಂದೆ ಮನೆಗಳಿವೆ, ಅವುಗಳಲ್ಲಿ ಜನ ಇದ್ದಾರೆ ಎಂದು ಗೊತ್ತಿತ್ತು. ಒಂದು ಬಾಗಿಲನ್ನೂ ತಟ್ಟಿರಲಿಲ್ಲ.

ನಮ್ಮೆಜಮಾನರದು ಇನ್ನೂ ದೊಡ್ಡ ಅಪರಾಧ. ಅವರು ಅದೇ ಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮೂವತ್ತು ವರ್ಷ ಗೋಡೆಯ ನಕ್ಷೆಗೆ ಕೋಲು ಚುಚ್ಚಿ ‘ಇದು ಟಿಬೆಟ್, ಪ್ರಪಂಚದ ಮೇಲ್ಛಾವಣಿ’ ಎಂದು ತೋರಿಸಿದರು. ಕೋಲಿನ ಹಿಂದಿನ ತುದಿ ಕಿಟಕಿಯಾಚೆ ಬೈಲಕುಪ್ಪೆಯ ದಿಕ್ಕಿಗೇ ಇತ್ತೆಂಬುದು ಅವರಿಗೂ ಹೊಳೆಯಲಿಲ್ಲ, ಮಕ್ಕಳಿಗೂ ಹೊಳೆಯಲಿಲ್ಲ.

ಅಂತೂ ಏಪ್ರಿಲ್ ಮೊದಲ ವಾರ ಮಗ ನಮ್ಮನ್ನು ದೆಹಲಿಯ ಮಜ್ನೂ ಕಾ ಟೀಲಾದಲ್ಲಿ ರಾತ್ರಿ ಬಸ್ಸು ಹತ್ತಿಸಿದ. ಅದೂ ಟಿಬೆಟಿಯನ್ನರ ಬಡಾವಣೆಯೇ. ಬೆಳಗಿನ ಜಾವ ಬಸ್ಸು ಬೆಟ್ಟದ ತಿರುವುಗಳಿಗೆ ಬಿದ್ದಾಗ, ಮಡಿಕೇರಿ ಘಾಟಿಯಲ್ಲಿ ಪಳಗಿದವಳೆಂಬ ನನ್ನ ಜಂಬ ನಿಂಬೆಹಣ್ಣು ಮೂಸುತ್ತ ಕುಳಿತಿತ್ತು. ಧರ್ಮಶಾಲೆಯಲ್ಲಿ ಇಳಿದು, ಟ್ಯಾಕ್ಸಿ ಹಿಡಿದು ಮೆಕ್ಲಿಯೋಡ್‌ಗಂಜ್‌ಗೆ ಏರಿದೆವು. ದಾರಿಯುದ್ದಕ್ಕೂ ಮೇಷ್ಟ್ರು ಪಾಠ ಹೇಳಿದರು. ಬ್ರಿಟಿಷರು ಕಟ್ಟಿದ ಊರು. 1905ರ ಏಪ್ರಿಲ್ 4ರ ಕಾಂಗ್ಡಾ ಭೂಕಂಪದಲ್ಲಿ ನೆಲಕಚ್ಚಿತು. ಸ್ವಾತಂತ್ರ್ಯ ಬಂದ ಮೇಲೆ ಸಾಹೇಬರೂ ಹೊರಟುಹೋಗಿ ಖಾಲಿ ಬಂಗಲೆಗಳು ಉಳಿದವು. ಅಲ್ಲಿ ತಲೆಮಾರುಗಳಿಂದ ಅಂಗಡಿ ಇಟ್ಟುಕೊಂಡಿದ್ದ ನೌರೋಜಿ ಎಂಬ ಪಾರ್ಸಿ ಮನೆತನದವರು, ಈ ಬಂಗಲೆಗಳನ್ನು ದಲೈ ಲಾಮಾ ಅವರಿಗೆ ಕೊಡಬಹುದಲ್ಲ ಎಂದು ಸರ್ಕಾರಕ್ಕೆ ಸೂಚಿಸಿದರಂತೆ. 1959ರ ಮಾರ್ಚ್ 17ರ ರಾತ್ರಿ ಸೈನಿಕನ ವೇಷದಲ್ಲಿ ಲ್ಹಾಸಾದ ಅರಮನೆ ಬಿಟ್ಟು, ಮಾರ್ಚ್ 31ಕ್ಕೆ ಭಾರತದ ಗಡಿ ದಾಟಿದ್ದ ಇಪ್ಪತ್ಮೂರು ವರ್ಷದ ತರುಣ, ಮರುವರ್ಷ ಈ ಊರಿಗೆ ಬಂದರು. ಇತಿಹಾಸ ಎಷ್ಟೋ ಸಲ ಗಿರಾಕಿಯಿಲ್ಲದೆ ಕುಳಿತ ಅಂಗಡಿಯವನ ತಲೆಯಲ್ಲಿ ಹುಟ್ಟುತ್ತದೆ ಎಂದು ಮೇಷ್ಟ್ರು ಷರಾ ಬರೆದರು.

ಮೊದಲ ದಿನ ಕಲ್ಚರ್. ದಲೈ ಲಾಮಾ ಅವರ ನಿವಾಸ ಮತ್ತು ಮುಖ್ಯ ದೇವಾಲಯದ ಸುತ್ತ ಕಾಡಿನ ನಡುವೆ ಒಂದು ಪ್ರದಕ್ಷಿಣೆಯ ಹಾದಿಯಿದೆ. ಅವರ ಮಾತಿನಲ್ಲಿ ‘ಕೋರಾ’. ಬಲಕ್ಕೆ ದೇವರು, ಕೈಗೆ ಸಿಕ್ಕಷ್ಟು ಮಣಿಚಕ್ರ. ನಮಗೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಕಲಿಯಬೇಕಾದದ್ದು ವೇಗ. ಪಟ್ಟೆಪಟ್ಟೆಯ ಮುಂಗವಚ ಕಟ್ಟಿದ ಎಂಬತ್ತರ ಅಜ್ಜಿಯರು ಒಂದು ಕೈಯಲ್ಲಿ ಜಪಮಣಿ, ಇನ್ನೊಂದರಲ್ಲಿ ತಿರುಗುವ ಚಕ್ರ ಹಿಡಿದು, ತುಟಿಯಲ್ಲಿ ‘ಓಂ ಮಣಿ ಪದ್ಮೇ ಹೂಂ’ ಗುಣುಗುಣಿಸುತ್ತ ನಮ್ಮನ್ನು ಹಿಂದಿಕ್ಕಿ ಹೋದರು. ಸ್ವಲ್ಪ ಹೊತ್ತಿಗೆ ಅದೇ ಅಜ್ಜಿಯರು ಮತ್ತೆ ಹಿಂದಿನಿಂದ ಬಂದರು. ಅವರದು ಎರಡನೇ ಸುತ್ತು, ನಮ್ಮದಿನ್ನೂ ಮೊದಲನೆಯದು.

ದೇವಾಲಯದ ಅಂಗಳದಲ್ಲಿ ಎಳೆಯ ಭಿಕ್ಷುಗಳು ಜಗಳವಾಡುತ್ತಿದ್ದರು. ಒಬ್ಬ ಕುಳಿತಿದ್ದಾನೆ, ಇನ್ನೊಬ್ಬ ನಿಂತು ಏನೋ ಕೂಗಿ, ಕಾಲು ಅಪ್ಪಳಿಸಿ, ಅವನ ಮೂಗಿನ ಮುಂದೆಯೇ ಚಪ್ಪಾಳೆ ಹೊಡೆಯುತ್ತಾನೆ. ಬಿಡಿಸಬೇಕೇನೋ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಮೂವತ್ತೆರಡು ವರ್ಷದ ಅಭ್ಯಾಸ. ಅದು ಶಾಸ್ತ್ರಾಭ್ಯಾಸವಂತೆ. ನಿಂತವನು ಪ್ರಶ್ನೆ ಕೇಳುತ್ತಾನೆ, ಕುಳಿತವನು ಉತ್ತರ ಕೊಡಬೇಕು. ‘ನಮ್ಮಲ್ಲಿ ಪ್ರಶ್ನೆ ಕೇಳಿದವನನ್ನೇ ಕೂರಿಸ್ತಿದ್ವಲ್ಲೇ’ ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಬೈಲಕುಪ್ಪೆಯ ಸೇರಾ ಮಠದಲ್ಲೂ ಇದೇ ಚಪ್ಪಾಳೆ ದಶಕಗಳಿಂದ ಮೊಳಗುತ್ತಿದೆ ಎಂದು ತಿಳಿದದ್ದೂ ಇಲ್ಲಿಯೇ.

ನಡೆದು ಸೋತು ಇಳಿಜಾರಿನ ಒಂದು ಚಹಾದಂಗಡಿಗೆ ನುಗ್ಗಿದೆವು. ನಾಲ್ಕು ಮೇಜು, ಮಸುಕು ಕಿಟಕಿ, ಕುದಿಯುವ ತುಕ್ಪಾದ ಘಮ. ಕಲ್ಚರ್ ಎಂದರೆ ಕಲ್ಚರ್ ಎಂದುಕೊಂಡು ಬೆಣ್ಣೆ ಚಹಾ ಹೇಳಿದೆವು. ಅದರಲ್ಲಿ ಸಕ್ಕರೆಯಿಲ್ಲ, ಉಪ್ಪು ಮತ್ತು ಬೆಣ್ಣೆ ಹಾಕಿ ಕಡೆದಿರುತ್ತಾರೆ. ಉಳಿಸಿದರೆ ಮರ್ಯಾದೆಯಲ್ಲವೆಂದು ನಾನು ಕಷಾಯ ಕುಡಿಯುವ ಹಾಗೆ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಮುಗಿಸಿದೆ. ಕಣ್ಣು ಬಿಟ್ಟಾಗ ಬಟ್ಟಲು ತುಂಬಿತ್ತು. ಮತ್ತೆ ಮುಗಿಸಿದೆ. ಮತ್ತೆ ತುಂಬಿತು. ಮೂರನೆಯದಕ್ಕೆ ನಾನು ಯಜಮಾನರ ಕಡೆ ತಿರುಗಿ, ಕನ್ನಡದ ಭದ್ರ ಕೋಟೆಯೊಳಗೆ ಕುಳಿತ ಧೈರ್ಯದಲ್ಲಿ, ‘ರೀ, ಇದು ಚಹಾ ಅಲ್ಲ, ಒಗ್ಗರಣೆ ಮರೆತ ತಿಳಿಸಾರು’ ಎಂದೆ.

‘ಒಗ್ಗರಣೆ ಹಾಕಿ ಕೊಡ್ಲಾ ಆಂಟಿ?’ ಎಂದಿತು ಹಿಂದಿನಿಂದ ಒಂದು ದನಿ.

ಹಿಮ ಕರಗುವುದನ್ನು ನೋಡಲು ಬಂದವಳು ನಾನೇ ನಾಚಿ ನೀರಾದೆ. ಅಂಗಡಿಯ ಒಡತಿ, ನಲವತ್ತೈದರ ಆಸುಪಾಸಿನ ಹೆಂಗಸು, ಕೆಟಲ್ ಹಿಡಿದು ನಗುತ್ತಿದ್ದಳು. ‘ನಾನು ಬೈಲಕುಪ್ಪೆ, ಫೋರ್ತ್ ಕ್ಯಾಂಪ್. ಮದುವೆಯಾಗಿ ಇಲ್ಲಿಗೆ ಬಂದು ಹದಿನೆಂಟು ವರ್ಷ ಆಯ್ತು. ಬಟ್ಟಲು ಖಾಲಿ ಮಾಡಿದ್ರೆ ಇನ್ನೂ ಬೇಕು ಅಂತ ಅರ್ಥ ಆಂಟಿ. ತುಂಬಿದ್ದನ್ನ ಹಾಗೇ ಬಿಟ್ಟು ಕೂತ್ಕೋಬೇಕು. ಹೊರಡುವಾಗ ಕುಡಿದು ಏಳ್ಬೇಕು.’ ಬಾಳೆಲೆಯ ಮುಂದೆ ‘ಸಾಕು’ ಎಂದರೂ ಬಡಿಸುವ ಸೀಮೆಯಿಂದ ಹೋದವಳಿಗೆ ಈ ವ್ಯಾಕರಣ ಬೇಗ ಅರ್ಥವಾಯಿತು.

ಆಮೇಲೆ ಅವಳ ಪ್ರಶ್ನೆಗಳು ಶುರುವಾದವು. ಹೂಮಳೆ ಬಂತಾ? ಕಾಫಿ ಹೂ ಬಿಟ್ಟಾಗ ಕುಶಾಲನಗರದವರೆಗೂ ಘಮ್ಮನ್ನುತ್ತಾ ಈಗಲೂ? ಹಲಸಿನಹಣ್ಣು ಸಂತೆಗೆ ಬಂತಾ? ನಾನು ‘ನಿಮ್ಮೂರು ಚೆನ್ನಾಗಿದೆ’ ಎಂದು ಕಿಟಕಿಯಾಚೆಯ ಧೌಲಾಧಾರ್ ಬೆಟ್ಟಸಾಲು ತೋರಿಸಿದೆ. ಅವಳು ‘ನಮ್ಮೂರಲ್ಲಿ ಈಗ ಸೆಕೆ ಅಲ್ವಾ?’ ಎಂದಳು. ಇಬ್ಬರೂ ‘ಊರು’ ಎನ್ನುತ್ತಿದ್ದೆವು, ಬೇರೆ ಬೇರೆ ದಿಕ್ಕಿಗೆ ಕೈ ತೋರಿಸುತ್ತಿದ್ದೆವು.

ಅವಳ ತಾಯಿ ಎಂಟೊಂಬತ್ತು ವರ್ಷದವಳಿದ್ದಾಗ ಹಿಮದಲ್ಲಿ ನಡೆದು ಗಡಿ ದಾಟಿದವಳು. ಬಂದವರು ಮೊದಲು ಬೆಟ್ಟಗಳಲ್ಲಿ ರಸ್ತೆ ಕೆಲಸಕ್ಕೆ ಕಲ್ಲು ಒಡೆದರು. ಮುಂದೆ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡು ಕೊಟ್ಟಿತು. 1961ರ ಹೊತ್ತಿಗೆ ಮೊದಲ ವಸತಿ ಎದ್ದಿತು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ. ಉಣ್ಣೆಯ ಬಟ್ಟೆಯಲ್ಲಿ ರೈಲಿಳಿದ ಜನ ಮೈಸೂರಿನ ಬಿಸಿಲಲ್ಲಿ ಮರ ಕಡಿದು, ಬೆಂಕಿಯ ಹೊಗೆಯಲ್ಲಿ ಬೆಂದು, ಜೋಳ ಬಿತ್ತಿದರು. ಜೋಳ ತೆನೆ ಕಟ್ಟುವ ಹೊತ್ತಿಗೆ ಆನೆಗಳು ಬಂದವು. ರಾತ್ರಿಯಿಡೀ ಡಬ್ಬ ಬಡಿದು ಕೂಗಿದರೂ ಆನೆಗಳಿಗೆ ಟಿಬೆಟಿಯನ್ ಭಾಷೆ ಅರ್ಥವಾಗುತ್ತಿರಲಿಲ್ಲ ಎಂದು ತಾಯಿ ಈಗಲೂ ತಮಾಷೆ ಮಾಡುತ್ತಾಳಂತೆ.

‘ಅಮ್ಮ ಅಲ್ಲಿ ಫ್ಯಾನ್ ಕೆಳಗೆ ಮಲಗಿ ಹಿಮದ ಕನಸು ಕಾಣ್ತಾಳೆ. ನಾನು ಇಲ್ಲಿ ಎರಡು ರಜಾಯಿ ಹೊದ್ದು ಜೋಳದ ಹೊಲ ಕಾಣ್ತೀನಿ. ನಮ್ಮಿಬ್ಬರ ಕನಸೂ ಅಡ್ರೆಸ್ ತಪ್ಪಿ ಬರ್ತವೆ ಆಂಟಿ’ ಎಂದು ಅವಳು ನಕ್ಕಳು. ಹೊರಡುವಾಗ ಒಂದು ಪೊಟ್ಟಣ ಕೊಟ್ಟಳು. ತಾಯಿಯ ಮಂಡಿನೋವಿಗೆ ಟಿಬೆಟಿಯನ್ ಔಷಧಾಲಯ ಮೆನ್-ತ್ಸೀ-ಖಾಂಗ್‌ನ ಗುಳಿಗೆಗಳು. ‘ಅಲ್ಲೂ ಸಿಗ್ತಾವೆ. ಆದ್ರೆ ಅಮ್ಮಂಗೆ ಇಲ್ಲಿಂದೇ ಬೇಕು.’ ತಿರುಪತಿ ಲಡ್ಡು ತಿರುಪತಿಯಿಂದಲೇ ಬರಬೇಕೆನ್ನುವ ನಮ್ಮತ್ತೆಯ ನೆನಪಾಗಿ, ಪೊಟ್ಟಣವನ್ನು ಸೀರೆಗಳ ನಡುವೆ ಇಟ್ಟುಕೊಂಡೆ.

ಮರುದಿನ ಲೈಟ್ ಅಡ್ವೆಂಚರ್. ಅದರ ಹೆಸರು ಟ್ರಿಯುಂಡ್, ಎತ್ತರ ಸುಮಾರು 2,850 ಮೀಟರ್. ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ 1,748 ಮೀಟರ್; ಅದನ್ನೂ ನಾನು ಬುಡದಿಂದಲೇ ಗೌರವಿಸಿದವಳು. ಗಲ್ಲು ದೇವಿಯ ಗುಡಿಯವರೆಗೆ ಟ್ಯಾಕ್ಸಿ ಹೋಗುತ್ತದೆ. ಮುಂದೆ ದೇವಿಯೇ ಗತಿ. ಓಕ್ ಮರಗಳ ನೆರಳು, ಅಲ್ಲಲ್ಲಿ ಕೆಂಪಗೆ ಅರಳಿದ ಬುರಾಂಶ್ ಹೂ, ಬೆನ್ನ ಮೇಲೆ ಅಕ್ಕಿ, ಗ್ಯಾಸ್ ಹೊತ್ತ ಹೇಸರಗತ್ತೆಗಳು. ಅವು ನಮಗೆ ದಾರಿ ಬಿಡಲಿಲ್ಲ. ಹೊರೆಯ ಲೆಕ್ಕದಲ್ಲಿ ನ್ಯಾಯ ಅವುಗಳ ಕಡೆಗೇ ಇತ್ತು. ‘ಇನ್ನೆಷ್ಟು ದೂರ?’ ಎಂದರೆ ಇಳಿದು ಬರುವವರೆಲ್ಲ ‘ಬಸ್, ಆಧಾ ಘಂಟಾ’ ಎನ್ನುತ್ತಿದ್ದರು. ಅಂಥ ಆರು ಅರ್ಧ ಗಂಟೆ ಕಳೆದ ಮೇಲೆ ಕೊನೆಯ ಕಡಿದಾದ ಏರು ಬಂತು. ಅದಕ್ಕೆ ಇಪ್ಪತ್ತೆರಡು ತಿರುವು ಎಂದು ಹೆಸರು. ಹನ್ನೊಂದರವರೆಗೆ ಎಣಿಸಿದೆ, ಆಮೇಲೆ ಉಸಿರು ಎಣಿಸಿದೆ.

ಮೇಲೆ ಹುಲ್ಲಿನ ಬಯಲು. ಅದರ ಎದುರಿಗೆ ಧೌಲಾಧಾರ್, ಅಂಗಳದಾಚೆಯ ಗೋಡೆಯಷ್ಟು ಹತ್ತಿರ, ಬೆಳ್ಳಗೆ. ಬಂಡೆಯ ನೆರಳಲ್ಲಿ ಕರಗದೆ ಉಳಿದ ಒಂದು ಹಿಡಿ ಹಿಮ ಸಿಕ್ಕಿತು. ಅಂಗೈಗೆ ತೆಗೆದುಕೊಂಡೆ. ಅರವತ್ತೊಂದು ವರ್ಷಕ್ಕೆ ಮೊದಲ ಸಲ. ಉಜಾಲಾ ಹಾಕಿದ ಬಿಳಿ ಪಂಚೆಯ ಹಾಗಿರುತ್ತದೆಂದುಕೊಂಡಿದ್ದೆ. ಹತ್ತಿರದಿಂದ ಒರಟು ಉಪ್ಪಿನ ಹಾಗಿತ್ತು. ಯಜಮಾನರು ಫೋಟೊ ತೆಗೆಯುವಷ್ಟರಲ್ಲಿ ಅರ್ಧ ನೀರಾಗಿ ಬಳೆಯೊಳಗೆ ಇಳಿಯಿತು.

ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಆ ರಾತ್ರಿ ಮಂಡಿನೋವಿಗೆ ನಾನು ನುಂಗಿದ್ದು ಎರಡು ಮಾತ್ರೆ. ಆದ್ದರಿಂದ ಟ್ರಿಯುಂಡ್ ಲಘುವಲ್ಲ, ಗುರು ಎಂದು ಪ್ರಸ್ತಾರ ಹಾಕಿ ಮಗನಿಗೆ ವಾಟ್ಸಾಪ್ ಮಾಡಿದೆ. ‘ಲಾಮಾ ಅಂದ್ರೂ ಗುರು ಅಂತಲೇ ಅರ್ಥ’ ಎಂದು ಮೇಷ್ಟ್ರು ಮಲಗಿದಲ್ಲಿಂದಲೇ ಟಿಪ್ಪಣಿ ಸೇರಿಸಿದರು. ಅವರು ನುಂಗಿದ್ದು ಮೂರು, ಅದು ಪ್ಲುತ. ರಾತ್ರಿ ಮಗ್ಗುಲು ಬದಲಿಸುವಾಗಲೆಲ್ಲ ಅವರು ‘ಅಮ್ಮಾ೩’ ಎಂದು ಎಳೆದದ್ದೂ ಪ್ಲುತವೇ.

ಊರಿಗೆ ಬಂದ ಮೂರನೇ ದಿನ ಪೊಟ್ಟಣ ಹಿಡಿದು ಆಟೊ ಹತ್ತಿದೆ. ‘ಗೋಲ್ಡನ್ ಟೆಂಪಲ್ಲಾ?’ ಎಂದ ಡ್ರೈವರು. ‘ಅಲ್ಲಪ್ಪ, ಫೋರ್ತ್ ಕ್ಯಾಂಪ್’ ಎಂದೆ. ಅವನು ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿದ. ಐದು ಬಣ್ಣದ ಬಾವುಟಗಳು ಮರದಿಂದ ಮರಕ್ಕೆ, ಎಣ್ಣೆ ಡಬ್ಬದಲ್ಲಿ ಚೆಂಡುಹೂ, ಹೆಂಚಿನ ಮನೆ. ಒಳಗೆ ಗೋಡೆಯಲ್ಲಿ ದಲೈ ಲಾಮಾ ಅವರ ಚಿತ್ರ, ಅದಕ್ಕೊಂದು ಬಿಳಿ ಖತಾ ಶಾಲು. ಪಕ್ಕದಲ್ಲಿ ನಮ್ಮ ಮನೆಯಲ್ಲಿರುವಂಥದೇ ಕನ್ನಡ ಕ್ಯಾಲೆಂಡರು, ಅದರಲ್ಲಿ ಗ್ಯಾಸ್ ಬಂದ ತಾರೀಖಿಗೆ ಸುತ್ತು.

‘ಬಾ. ಕೂತ್ಕೋ. ಚಾ ಕುಡಿ’ ಎಂದಳು ಅಜ್ಜಿ. ಸಂತೆಯಲ್ಲಿ ಕಲಿತ ಕನ್ನಡ; ಅದರಲ್ಲಿ ಬಹುವಚನವಿಲ್ಲ. ಇದಕ್ಕಾಗಿ ಎಷ್ಟು ಮಕ್ಕಳ ಅಂಕ ಕಳೆದಿದ್ದೆನೋ! ಟಿಬೆಟಿಯನ್ನಿನಲ್ಲಿ ಗೌರವಕ್ಕೆ ‘ಲಾ’ ಸೇರಿಸುತ್ತಾರೆ, ತಾಯಿ ‘ಅಮಾಲಾ’. ನಾನು ‘ಅಮಾಲಾ’ ಎಂದು ಪೊಟ್ಟಣ ಕೊಟ್ಟೆ. ಅವಳು ಅದನ್ನು ಹಣೆಗೊತ್ತಿಕೊಂಡಳು. ಬೆಣ್ಣೆ ಚಹಾ ಬಂತು. ಈ ಸಲ ನಾನು ಜಾಣೆ. ಬಟ್ಟಲನ್ನು ತುಂಬಿದ ಹಾಗೇ ಇಟ್ಟುಕೊಂಡು ಕುಳಿತೆ.

‘ಅಲ್ಲಿ ಹಿಮ ನೋಡ್ದಾ?’ ಎಂದು ಕೇಳಿದಳು. ನಾನು ಉತ್ಸಾಹದಿಂದ ಫೋನು ತೆಗೆದು ಟ್ರಿಯುಂಡ್ ಫೋಟೊ ತೋರಿಸಿದೆ. ಅಂಗೈಯಲ್ಲಿ ಹಿಮ, ಹಿಂದೆ ಧೌಲಾಧಾರ್. ಅವಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ನನ್ನ ಎರಡು ಮಾತ್ರೆಯ ಪರ್ವತವನ್ನು ನೋಡಿ, ‘ಚಿಕ್ಕದು’ ಎಂದು ಫೋನು ಹಿಂದಿರುಗಿಸಿದಳು.

ಅಷ್ಟರಲ್ಲಿ ಕೊಡಗಿನ ಕಡೆಯಿಂದ ಗುಡುಗಿತು. ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿತ್ತು. ಇಬ್ಬರೂ ಮಂಡಿ ಹಿಡಿದುಕೊಂಡೇ ಓಡಿ, ಬಾಚಿ ಒಳಗೆ ತಂದೆವು. ಹಿಂದೆಯೇ ಹನಿ. ಮಣ್ಣಿನ ವಾಸನೆ ಎದ್ದಿತು. ನನಗೆ ನೆನಪಾಗಿ ಅಜ್ಜಿಯ ಮಗಳಿಗೆ ಫೋನು ಹಚ್ಚಿ, ಬಾಗಿಲಾಚೆ ಕೈ ಚಾಚಿ ಹೆಂಚಿನ ಮೇಲಿನ ಮಳೆಯನ್ನು ಕೇಳಿಸಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ವಾಸನೆ ಕಳಿಸೋಕಾಗಲ್ವಾ ಆಂಟಿ?’

ಅಜ್ಜಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಮಳೆಯನ್ನೂ ಮೀರಿಸಿ, ಎರಡೂವರೆ ಸಾವಿರ ಕಿಲೋಮೀಟರು ಆಚೆಗೆ ಕೇಳಲೆಂಬಂತೆ ಕೂಗಿ, ಒಂದೇ ಉಸಿರಿಗೆ ಏನೇನೋ ಹೇಳಿದಳು. ಆ ಉದ್ದನೆಯ ಟಿಬೆಟಿಯನ್ ಮಾತಿನಲ್ಲಿ ನನಗೆ ತಿಳಿದದ್ದು ಒಂದೇ ಪದ: ಜೋಳ.