ಕಮಲಾಪುರದಲ್ಲಿ ನಿಂತ ಅಂಬಾಸಿಡರ್

ಕಲಬುರಗಿಯ ಹುಮನಾಬಾದ್ ಬೇಸ್ ದಾಟಿ ಹೊರಟರೆ ರಸ್ತೆಯ ಎರಡೂ ಬದಿಗೆ ತೊಗರಿ ಬೆಳೆಯುವ ಹೊಲಗಳು. ಮೇ ತಿಂಗಳಲ್ಲಿ ಅಲ್ಲಿ ಕಾಣುವುದು ಬರಿಯ ಕಪ್ಪು ಮಣ್ಣು. ಬೆಳಿಗ್ಗೆ ಎಂಟಕ್ಕೇ ಬಿಸಿಲು ಕಣ್ಣು ಚುಚ್ಚುತ್ತದೆ; ಮಧ್ಯಾಹ್ನಕ್ಕೆ 40 ಡಿಗ್ರಿ ದಾಟುವುದು ಈ ಕಡೆ ಸುದ್ದಿಯೇ ಅಲ್ಲ. ಕಮಲಾಪುರ ಇಲ್ಲಿಂದ 40 ಕಿ.ಮೀ. ಒಳಗೇ. ಆ ದಾರಿಯನ್ನು ಕೊನೆಯ ಸಲ ನಮ್ಮ ಹಳೆಯ ಅಂಬಾಸಿಡರಿನಲ್ಲೇ ಹೋಗಿ ಬರೋಣವೆಂದು ಹಠ ಹಿಡಿದವಳು ದ್ವಿತೀಯ ಪಿಯುಸಿಗೆ ಕಾಲಿಟ್ಟಿದ್ದ ಮಗಳು.

ಕೊನೆಯ ಸಲ ಏಕೆಂದರೆ, ಗಾಡಿಯನ್ನು ಗುಜರಿಗೆ ಕೊಡುವುದೆಂದು ಮಾತಾಗಿತ್ತು. ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆಯನ್ನೇ ನಿಲ್ಲಿಸಿತು. ನಮ್ಮದಂತೂ ತಿಂಗಳಿಗೊಮ್ಮೆ ಕೈಕೊಡುತ್ತಿತ್ತು. ಎರಡು ಬ್ಯಾಟರಿ, ಒಂದು ಸ್ಟಾರ್ಟರ್ ಬದಲಿಸಿ ನನಗೂ ಸಾಕಾಗಿತ್ತು.

ಕಮಲಾಪುರದಲ್ಲಿ ಇಳಿದು, ಆ ಊರಿಗೇ ಹೆಸರು ತಂದ ಕೆಂಪು ಬಾಳೆಹಣ್ಣು ಕೊಂಡೆವು. ದಪ್ಪ ಸಿಪ್ಪೆ, ಗಮಗಮ ವಾಸನೆ. ಉಳಿದ ಬಾಳೆಗಿಂತ ಹೆಚ್ಚು ಕಾಲ ಬೇಡುವ ಬೆಳೆಯಾದ್ದರಿಂದ ಬೆಲೆಯೂ ಹೆಚ್ಚು. ಈಗ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಹಣ್ಣಿನ ಚೀಲ ಹಿಂದಿನ ಸೀಟಿನಲ್ಲಿಟ್ಟು ಕೀಲಿ ತಿರುಗಿಸಿದರೆ 'ಟಕ್' ಎಂದಿತು, ಅಷ್ಟೇ.

ಜನ ಸೇರಿದರು. ಒಬ್ಬರು ಬ್ಯಾಟರಿ ಹೋಗಿದೆ ಎಂದರು, ಇನ್ನೊಬ್ಬರು ಸ್ಟಾರ್ಟರ್ ಸುಟ್ಟಿದೆ ಎಂದರು. ಅಷ್ಟರಲ್ಲಿ ಯಾರೋ ಒಬ್ಬ ವಯಸ್ಸಾದ ಮಿಸ್ತ್ರಿಯನ್ನು ಕರೆತಂದರು. ಅವರ ಕೈಯಲ್ಲಿದ್ದದ್ದು ಎರಡು ವೈರು ಕಟ್ಟಿದ 12 ವೋಲ್ಟಿನ ಒಂದು ಬಲ್ಬು ಮಾತ್ರ.

"ಹೆಡ್‌ಲೈಟ್ ಹಚ್ರಿ. ಈಗ ಕೀಲಿ ತಿರುವ್ರಿ" ಎಂದರು. ದೀಪ ಮಂಕಾಗಲಿಲ್ಲ. "ಬ್ಯಾಟ್ರಿ ಜೀವ ಅದರಿ. ಅದು ಸತ್ತಿದ್ರ ಲೈಟೂ ಸಾಯ್ತಿತ್ತು." ಆಮೇಲೆ ಬಲ್ಬಿನ ಒಂದು ವೈರನ್ನು ಬ್ಯಾಟರಿಯ ಮೈನಸ್ ಗುಬ್ಬಿಗೆ, ಇನ್ನೊಂದನ್ನು ಇಂಜಿನ್ನಿನ ಮೈಗೆ ಹಿಡಿದರು. ಬಲ್ಬು ಹತ್ತಲಿಲ್ಲ. ಕೀಲಿ ತಿರುಗಿಸಿದೊಡನೆ ಝಗ್ಗನೆ ಹತ್ತಿತು!

"ಚಾಚಾ, ಎರಡೂ ಮೈನಸ್ಸೇ ಅಲ್ಲೇನ್ರಿ? ಬಲ್ಬ್ ಯಾಕ ಹತ್ತಿತು?" ಎಂದಳು ಮಗಳು.

"ಅದೇ ನೋಡವ್ವಾ ಕಳ್ಳ" ಎಂದು ನಕ್ಕ ಅವರು ಗಾಡಿಯ ಕೆಳಗೆ ಕೈ ತೋರಿಸಿದರು. ಇಂಜಿನ್ ಕೂತಿರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ವಿದ್ಯುತ್ ಹರಿಯದು. ಅದಕ್ಕೇ ಇಂಜಿನ್ನಿನಿಂದ ಗಾಡಿಯ ಚೌಕಟ್ಟಿಗೆ ತಾಮ್ರದ ಹೆಣಿಗೆಯ ಒಂದು ಅರ್ಥ್ ಪಟ್ಟಿ ಇರುತ್ತದೆ. ನಮ್ಮದು ತುಕ್ಕು, ಎಣ್ಣೆ, ಧೂಳು ತಿಂದು ಕರಿದಾಗಿತ್ತು. ದೀಪ, ಹಾರ್ನುಗಳಿಗೆ ಆ ಪಟ್ಟಿ ಬೇಕಿಲ್ಲ. ಸ್ಟಾರ್ಟರಿಗೆ ಬೇಕೇ ಬೇಕು.

ಮಗಳು ಹಣ್ಣು ಸುತ್ತಿದ್ದ ಕಾಗದದ ಮೇಲೆ ಲೆಕ್ಕ ಬರೆದಳು. ಪಟ್ಟಿಯ ತುಕ್ಕಿನಲ್ಲಿ 0.05 ಓಮ್ ರೋಧವಿದೆಯೆಂದು ಇಟ್ಟುಕೊಳ್ಳಿ. 2 ಆಂಪಿಯರಿನ ಬಲ್ಬಿಗೆ ಅಲ್ಲಿ ನಷ್ಟವಾಗುವುದು 0.1 ವೋಲ್ಟ್, ಲೆಕ್ಕಕ್ಕೇ ಇಲ್ಲ. ಆದರೆ ಸ್ಟಾರ್ಟರ್ 100 ಆಂಪಿಯರ್ ಎಳೆದರೆ 5 ವೋಲ್ಟ್ ಅಲ್ಲೇ ಮಾಯ! ಹನ್ನೆರಡರಲ್ಲಿ ಉಳಿಯುವುದು ಏಳು. ಭಾರ ಬಿದ್ದಾಗಲೇ ಹುಳುಕು ಹೊರಬೀಳುವುದು. ಅದಕ್ಕೇ ಮಿಸ್ತ್ರಿ ಕೀಲಿ ತಿರುಗಿಸಿ ನೋಡಿದ್ದು. ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ಓಮನ ನಿಯಮ ಅವಳ ಕಣ್ಣೆದುರೇ ನಿಂತಿತ್ತು.

ಮಿಸ್ತ್ರಿ ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚಿದರು; ಪಾನಾ ತಾಗಿ ಕಿಡಿ ಹಾರದಿರಲೆಂದು. ಪಟ್ಟಿಯ ಎರಡೂ ತುದಿಯನ್ನು ಮರಳು ಕಾಗದದಿಂದ ಹೊಳೆಯುವಂತೆ ತಿಕ್ಕಿ, ಬೋಲ್ಟು ಬಿಗಿದು, ಮೇಲೆ ಗ್ರೀಸ್ ಸವರಿದರು. "ಹಿಂಗೇ ಬಿಟ್ಟಿದ್ರ ಕರೆಂಟು ಚೋಕಿನ ತಂತಿ ಹಿಡಕೊಂಡು ಹೋಗಿ ಅದನ್ನೂ ಸುಡ್ತಿತ್ತು" ಎಂದರು. ಕೀಲಿ ತಿರುಗಿಸಿದೆ. ಇಂಜಿನ್ ಒಂದೇ ಸುತ್ತಿಗೆ ಎದ್ದಿತು.

ಅವರು ಕೇಳಿದ ಕೂಲಿ ನಾವು ಕೊಂಡ ಹಣ್ಣಿನ ಬೆಲೆಗಿಂತ ಕಡಿಮೆ. "ಬದಲಿ ಮಾಡೂದು ಸಸಾರ ರೀ. ಎಲ್ಲಿ ತಪ್ಪ್ಯಾದ ಅಂತ ಒಂದೊಂದೇ ನೋಡ್ಕೋತ ಹೋಗೂದು ತ್ರಾಸು" ಎಂದು ಬಲ್ಬನ್ನು ಜೇಬಿಗೆ ಹಾಕಿಕೊಂಡರು.

ಹಿಂದಿರುಗುವಾಗ ನನಗೆ ಆ ಮಾತೇ ಕಿವಿಯಲ್ಲಿತ್ತು. ಮಗಳಿಗೆ ಭೌತಶಾಸ್ತ್ರದಲ್ಲಿ ಅಂಕ ಕಡಿಮೆ ಬಂದಾಗ ನಾನು ಒಂದೇ ವರ್ಷದಲ್ಲಿ ಎರಡು ಟ್ಯೂಶನ್ ಬದಲಿಸಿದ್ದೆ. ಯಾವ ಪಾಠ ತಿಳಿಯುತ್ತಿಲ್ಲವೆಂದು ಒಮ್ಮೆಯೂ ಕೇಳಿರಲಿಲ್ಲ. ಮಹಾಗಾಂವ ಕ್ರಾಸ್ ಬರುವ ಹೊತ್ತಿಗೆ ಕೇಳಿದೆ. ಕಲಬುರಗಿ ಬರುವವರೆಗೂ ಅವಳು ಹೇಳುತ್ತಲೇ ಇದ್ದಳು.

ಗುಜರಿಯವರಿಗೆ ಫೋನು ಮಾಡಿ ಬೇಡವೆಂದೆ. ಈಗ ಮಳೆಗಾಲಕ್ಕೆ ಮುಂಚೆ ಆ ಪಟ್ಟಿಯನ್ನು ತಿಕ್ಕುವ ಕೆಲಸ ಮಗಳದು. ಎರಡು ವೈರಿನ ಬಲ್ಬೊಂದು ಅವಳ ಕಂಪಾಸ್ ಪೆಟ್ಟಿಗೆಯಲ್ಲೇ ಇರುತ್ತದೆ.