ತಲಶ್ಶೇರಿ: ಕೆಂಡದ ಪೋಲದಿಂದ ಫೋನಿನ ಕೇಕಿನವರೆಗೆ

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟ ರೈಲು ನೇತ್ರಾವತಿಯನ್ನು ದಾಟಿ, ಕಾಸರಗೋಡು, ಪಯ್ಯನ್ನೂರು, ಕಣ್ಣೂರುಗಳನ್ನು ಹಿಂದೆ ಹಾಕಿ ಸುಮಾರು ಮೂರು ಗಂಟೆಯಲ್ಲಿ ತಲಶ್ಶೇರಿ ತಲುಪುತ್ತದೆ. ಕೇರಳದ ಈ ಕಡಲತೀರದ ಪಟ್ಟಣದಲ್ಲಿ ಈಸ್ಟ್ ಇಂಡಿಯಾ ಕಂಪೆನಿ 1708ರಲ್ಲಿ ಕಟ್ಟಿಸಿದ ಕೋಟೆಯಿದೆ. ಕೇಯಿ ಮನೆತನದವರು ಕಟ್ಟಿಸಿದ, ಸುಮಾರು ಇನ್ನೂರು ವರ್ಷ ಹಳೆಯದಾದ ಓಡತ್ತಿಲ್ ಪಳ್ಳಿಯಿದೆ. ಡಾ. ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟಿನ ಕೆಲಸ ಮಾಡಿದ ಇಲ್ಲಿಕ್ಕುನ್ನು ಬಂಗಲೆಯೂ ಇಲ್ಲೇ ಇದೆ. ಆದರೆ ಊರಿನವರು ತಮ್ಮ ಊರನ್ನು ಪರಿಚಯಿಸುವುದು ಮೂರೇ ಹೆಸರುಗಳಿಂದ: ಕ್ರಿಕೆಟ್, ಸರ್ಕಸ್ ಮತ್ತು ಕೇಕ್. ಇಂಗ್ಲಿಷಿನಲ್ಲಿ ಮೂರೂ 'ಸಿ' ಅಕ್ಷರದಿಂದ ಆರಂಭವಾಗುತ್ತವೆ.

ಕಳೆದ ರಜೆಯಲ್ಲಿ ಸಂಬಂಧಿಕರ ಮನೆಯಲ್ಲಿ ಎರಡು ದಿನ ತಂಗುವ ಅವಕಾಶ ಒದಗಿತು. ಕೋಟೆಯನ್ನೂ ಕಡಲನ್ನೂ ನೋಡಿದೆ. ಆದರೆ ಹೆಚ್ಚು ಹೊತ್ತು ಕಳೆದದ್ದು ಅಡುಗೆಮನೆಯಲ್ಲಿ. ಈ ಊರಿನಲ್ಲಿ ಕೇಕು ನಡೆದುಬಂದ ದಾರಿಯನ್ನು ತಿಳಿದರೆ, ನಮ್ಮ ಮನೆಗಳಲ್ಲಿ ಇಂದು ನಡೆಯುತ್ತಿರುವ ಒಂದು ದೊಡ್ಡ ಬದಲಾವಣೆ ಅರ್ಥವಾಗುತ್ತದೆ.

ಒಬ್ಬ ವ್ಯಾಪಾರಿಯ ಕೇಕ್

ಬರ್ಮಾದಲ್ಲಿ ಬಿಸ್ಕತ್ತು ಮಾಡುವುದನ್ನು ಕಲಿತು ಬಂದ ಮಾಂಬಳ್ಳಿ ಬಾಪು ಎಂಬವರು 1880ರಲ್ಲಿ ಇಲ್ಲಿ 'ರಾಯಲ್ ಬಿಸ್ಕತ್ತು ಫ್ಯಾಕ್ಟರಿ'ಯನ್ನು ತೆರೆದರು. 1883ರ ಕ್ರಿಸ್‌ಮಸ್ ಸಮೀಪಿಸುತ್ತಿದ್ದಾಗ ಅಂಜರಕ್ಕಂಡಿಯ ದಾಲ್ಚಿನ್ನಿ ತೋಟದ ಬ್ರಿಟಿಷ್ ಮಾಲೀಕ ಮರ್ಡಾಕ್ ಬ್ರೌನ್ ವಿಲಾಯತಿಯಿಂದ ಬಂದ ಪ್ಲಮ್ ಕೇಕೊಂದನ್ನು ಅವರಿಗೆ ಕೊಟ್ಟು, ಇಂಥದ್ದನ್ನು ಮಾಡಲು ಸಾಧ್ಯವೇ ಎಂದು ಕೇಳಿದರಂತೆ. ಬಾಪು ಕಮ್ಮಾರನಿಂದ ಅಚ್ಚು ಮಾಡಿಸಿದರು, ಒಣಹಣ್ಣುಗಳನ್ನು ಕೂಡಿಸಿದರು, ಕೇಕು ಮಾಡಿಕೊಟ್ಟರು. ಬ್ರೌನ್ ಮೆಚ್ಚಿ ಇನ್ನೂ ಒಂದು ಡಜನ್ ತರಿಸಿಕೊಂಡರು ಎಂದು ಊರು ಇಂದಿಗೂ ಹೆಮ್ಮೆಯಿಂದ ಹೇಳುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಾಪು ರುಚಿ ನೋಡಿ, ವಿವರ ಕೇಳಿ ಕಲಿತ ಆ ವಿದ್ಯೆ ಬೇಕರಿಯ ಹಿಂಬದಿಯ ಕೋಣೆಯಲ್ಲೇ ಬೆಳೆಯಿತು. ಅವರ ಕುಟುಂಬದವರು ಮುಂದೆ ಕೇರಳದ ಬೇರೆ ಪಟ್ಟಣಗಳಲ್ಲೂ ಬೇಕರಿಗಳನ್ನು ತೆರೆದರು. ಆದರೆ ಅಳತೆಯ ಗುಟ್ಟು ಮಾಲೀಕನಿಗೆ ಮತ್ತು ಆಳಿಗೆ ಮಾತ್ರ ಗೊತ್ತಿತ್ತು. ಹೆಂಗಸರ ಪಾಲಿಗೆ ಕೇಕೆಂದರೆ ಪೊಟ್ಟಣದಲ್ಲಿ ಮನೆಗೆ ಬರುವ ವಸ್ತುವಾಗಿಯೇ ಉಳಿಯಿತು.

ಮೇಲೂ ಕೆಂಡ, ಕೆಳಗೂ ಕೆಂಡ

ಹಾಗೆಂದು ಹೆಂಗಸರಿಗೆ ಬೇಯಿಸುವ ಕಲೆ ತಿಳಿದಿರಲಿಲ್ಲ ಎನ್ನುವಂತಿಲ್ಲ. ಮಾಪ್ಪಿಳ ಮನೆಗಳಲ್ಲಿ 'ಪೋಲ' ಎಂಬ ತಿಂಡಿಯಿದೆ. ಕಾಯಿಪೋಲಕ್ಕೆ ಹಣ್ಣಾದ ನೇಂದ್ರ ಬಾಳೆಯನ್ನು ಚಿಕ್ಕದಾಗಿ ಹೆಚ್ಚಿ, ಗೋಡಂಬಿ ಮತ್ತು ದ್ರಾಕ್ಷಿಯೊಂದಿಗೆ ತುಪ್ಪದಲ್ಲಿ ಹುರಿಯುತ್ತಾರೆ. ಮೊಟ್ಟೆ, ಸಕ್ಕರೆ, ಏಲಕ್ಕಿಯನ್ನು ಚೆನ್ನಾಗಿ ಕಲಸಿ, ಹುರಿದ ಬಾಳೆಯನ್ನು ಅದಕ್ಕೆ ಬೆರೆಸಿ ದಪ್ಪ ತಳದ ಪಾತ್ರೆಗೆ ಹೊಯ್ಯುತ್ತಾರೆ. ಹಿಂದೆ ಪಾತ್ರೆಯ ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಕೆಂಡ. ಓವನ್ನಿನ ತತ್ವವೂ ಇದೇ ತಾನೇ? ಮೇಲಿನ ಬಿಸಿ, ಕೆಳಗಿನ ಬಿಸಿ, ಮಧ್ಯದಲ್ಲಿ ಹಿಟ್ಟು ಉಬ್ಬುವುದು.

ನಮ್ಮ ಬ್ಯಾರಿ ಮನೆಗಳಿಗೂ ಹೊಸದಲ್ಲದ ಮುಟ್ಟೆಮಾಲೆಯನ್ನು ನೋಡಿ. ಮೊಟ್ಟೆಯ ಹಳದಿಯನ್ನು ಸಣ್ಣ ತೂತಿನ ಮೂಲಕ ಕುದಿಯುವ ಸಕ್ಕರೆ ಪಾಕಕ್ಕೆ ಎಳೆ ಎಳೆಯಾಗಿ ಬಿಡಬೇಕು. ಪಾಕ ಸ್ವಲ್ಪ ಹೆಚ್ಚು ಕಡಿಮೆಯಾದರೂ ಎಳೆ ನಿಲ್ಲದು. ಉಳಿದ ಬಿಳಿಯನ್ನೂ ಚೆಲ್ಲುವುದಿಲ್ಲ, ಅದರಿಂದ ಪಿಂಜಾಣತ್ತಪ್ಪ ಮಾಡುತ್ತಾರೆ. ಎಂಥ ಪರಿಣತಿ, ಎಂಥ ಮಿತವ್ಯಯ! ಆದರೆ ಇದಕ್ಕೆ ಅಂಗಡಿಯ ಬೋರ್ಡು ಇರಲಿಲ್ಲ, ಬೆಲೆಪಟ್ಟಿ ಇರಲಿಲ್ಲ, ಮಾಡಿದವಳ ಹೆಸರೂ ಇರಲಿಲ್ಲ. ಅಳಿಯನನ್ನು ಸತ್ಕರಿಸುವಾಗ, ಇಫ್ತಾರಿನ ಹೊತ್ತಿಗೆ ಬಟ್ಟಲು ತುಂಬುತ್ತಿತ್ತು, ಖಾಲಿಯಾಗುತ್ತಿತ್ತು. ಅಷ್ಟೇ.

ಪುಸ್ತಕ, ಬ್ಲಾಗು, ಫೋನು

ಈ ಮೌನವನ್ನು ಮೊದಲು ಮುರಿದವರಲ್ಲಿ ಉಮ್ಮಿ ಅಬ್ದುಲ್ಲಾ ಪ್ರಮುಖರು. 1990ರ ದಶಕದಲ್ಲಿ ಬಂದ ಅವರ 'ಮಲಬಾರ್ ಮುಸ್ಲಿಂ ಕುಕರಿ' ಎಂಬ ಇಂಗ್ಲಿಷ್ ಪುಸ್ತಕ ಮನೆಯೊಳಗಿನ ಅಡುಗೆಯನ್ನು ಹೊರಗಿನವರಿಗೂ ತಲುಪಿಸಿತು. ಅನಂತರ ಬ್ಲಾಗುಗಳು ಬಂದವು. ಕೊಲ್ಲಿಯಲ್ಲಿ ಗಂಡನೊಂದಿಗೆ ನೆಲೆಸಿದ ಹೆಣ್ಣುಮಕ್ಕಳು ಊರಿನ ತಿಂಡಿಯನ್ನು ನೆನೆದು, ಉಮ್ಮನಿಗೆ ಫೋನು ಮಾಡಿ ಕೇಳಿ, ಅಳತೆಯೊಂದಿಗೆ ಬರೆದಿಟ್ಟರು. 2005ರಲ್ಲಿ ಆರಂಭವಾದ ಯೂಟ್ಯೂಬ್ ಕೈಚಳಕವನ್ನೇ ಕಣ್ಣಿಗೆ ತೋರಿಸಿತು. 2010ರಲ್ಲಿ ಬಂದ ಇನ್‌ಸ್ಟಾಗ್ರಾಂ ಮನೆಯ ಕೇಕಿಗೆ ಪ್ರದರ್ಶನದ ಕಪಾಟನ್ನು ಒದಗಿಸಿತು.

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಶುರುವಾಯಿತು. ಆ ವರ್ಷದ ರಮಝಾನ್ ಪೂರ್ತಿ ಅದರಲ್ಲೇ ಕಳೆಯಿತು. ಮನೆಯಲ್ಲಿ ಕುಳಿತ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು ಬೇಕು, ಪೇಟೆಗೆ ಹೋಗುವಂತಿಲ್ಲ. ಓವನ್ ಇಲ್ಲದವರು ಪ್ರೆಶರ್ ಕುಕ್ಕರಿನ ರಬ್ಬರ್ ಮತ್ತು ಸೀಟಿ ತೆಗೆದು, ತಳಕ್ಕೆ ಉಪ್ಪು ಹಾಸಿ ಕೇಕು ಬೇಯಿಸಿದರು. ನಾನು ತಂಗಿದ್ದ ಮನೆಯ ಮಗಳೂ ಹೀಗೇ ಕಲಿತವಳು. ಪದವಿ ಮುಗಿಸಿದ್ದಾಳೆ, ಎರಡು ಮಕ್ಕಳ ತಾಯಿ. ನೆರೆಮನೆಗೆ ಮಾಡಿಕೊಟ್ಟ ಒಂದು ಕೇಕಿನ ಚಿತ್ರವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿದಳು. ಮರುದಿನವೇ ಮೂವರು ಕೇಳಿದರಂತೆ. ಈಗ ವಾರಕ್ಕೆ ನಾಲ್ಕೈದು ಕೇಕುಗಳು ಮನೆಯಿಂದ ಹೋಗುತ್ತವೆ.

ಫೋನು ಅವಳಿಗೆ ಮುಖ್ಯವಾಗಿ ಕಲಿಸಿದ್ದು ತೂಕವನ್ನು. ಬಟ್ಟಲಿನ ಅಳತೆ ಮೋಸ ಮಾಡುತ್ತದೆ. ಒತ್ತಿ ತುಂಬಿದರೆ ಮೈದಾ ಹೆಚ್ಚುತ್ತದೆ, ಕೇಕು ಗಟ್ಟಿಯಾಗುತ್ತದೆ. ಗ್ರಾಮಿನಲ್ಲಿ ತೂಗಿದರೆ ಪ್ರತಿ ಸಲವೂ ಒಂದೇ ಫಲ. ಇನ್ನು ಹಲಾಲಿನ ಎಚ್ಚರಿಕೆ. ಜೆಲಾಟಿನ್ ಯಾವ ಪ್ರಾಣಿಯದೆಂದು ಪೊಟ್ಟಣದಲ್ಲಿ ಸ್ಪಷ್ಟವಿಲ್ಲದಿದ್ದರೆ ಬದಲಿಗೆ ಕಡಲ ಪಾಚಿಯಿಂದ ತಯಾರಾಗುವ ಚೈನಾ ಗ್ರಾಸ್ ಬಳಸುತ್ತಾಳೆ. ಪ್ಲಮ್ ಕೇಕಿನ ಒಣಹಣ್ಣುಗಳನ್ನು ರಮ್ಮಿನ ಬದಲು ಕಿತ್ತಳೆ ರಸದಲ್ಲಿ ನೆನೆಸುತ್ತಾಳೆ. ದೂರದೂರಿನ ಸಹೋದರಿಯರು ಬರೆದದ್ದನ್ನು ಓದಿ ತಿಳಿದದ್ದಂತೆ ಇದೆಲ್ಲ.

ಚಿತ್ರ ಕೇಳುವ ಬೆಲೆ

ಆದರೆ ಎಲ್ಲವೂ ಸಿಹಿಯೇ ಅಲ್ಲ. ಚಿತ್ರದಲ್ಲಿ ಮಿಂಚುವುದು ಕ್ರೀಮು ಮತ್ತು ಬಣ್ಣ. ರೆಡ್ ವೆಲ್ವೆಟ್ ಕೇಕಿನ ಮುಂದೆ ಕಂದು ಬಣ್ಣದ ಪೋಲ ಬಡವಾಗಿ ಕಾಣುತ್ತದೆ. ಹಾಗಾಗಿ ಆರ್ಡರುಗಳೆಲ್ಲ ಕೇಕಿಗೇ. ಕಡಲತೀರದ ಸೆಕೆಯಲ್ಲಿ ಕ್ರೀಮು ಕರಗದಂತೆ ಕಾಯುವುದೂ ಒಂದು ಹೋರಾಟ. ತಲಶ್ಶೇರಿಯ ಬೀದಿಯಲ್ಲಿ ಆಟೋ ಹತ್ತಿದ ಕೇಕು ಮದುವೆ ಮನೆ ತಲುಪುವವರೆಗೆ ಅವಳ ಜೀವ ಕೈಯಲ್ಲಿರುತ್ತದೆ.

ಅದಕ್ಕಿಂತ ದೊಡ್ಡ ನಷ್ಟ ಲೆಕ್ಕದಲ್ಲಿದೆ. ಅವಳ ಲೆಕ್ಕದ ಪುಸ್ತಕವನ್ನು ನಾವಿಬ್ಬರೂ ಕುಳಿತು ನೋಡಿದೆವು. ಮೈದಾ, ಮೊಟ್ಟೆ, ಬೆಣ್ಣೆ, ಕ್ರೀಮು, ಪೆಟ್ಟಿಗೆ ಎಲ್ಲವೂ ಬರೆದಿತ್ತು. ಕರೆಂಟು ಬರೆದಿರಲಿಲ್ಲ. ಅವಳ ಐದು ಗಂಟೆಯ ದುಡಿಮೆಯಂತೂ ಇರಲೇ ಇಲ್ಲ. "ಅದಕ್ಕೂ ಬೆಲೆ ಹಾಕುವುದಾ ಇತ್ತಾ?" ಎಂದು ನಕ್ಕಳು. ಅಂಗಡಿಯ ಆಳಿಗೆ ಕೂಲಿ ಇದೆ, ಮನೆಯ ಹೆಣ್ಣಿನ ಕೈಗೆ ಇಲ್ಲ. ಇದು ಫೋನು ತಂದ ಅನ್ಯಾಯವಲ್ಲ, ಹಳೆಯದು. ಫೋನು ಗಿರಾಕಿಯನ್ನು ತಂದಿತು. ಆದರೆ ತನ್ನ ಶ್ರಮಕ್ಕೂ ಬೆಲೆಯಿದೆ ಎಂಬುದನ್ನು ಅವಳು ತಾನೇ ಕಲಿಯಬೇಕಾಗಿದೆ.

ಕಾನೂನಿನ ಮಾತೂ ಇದೆ. ಮನೆಯಲ್ಲಿ ತಯಾರಿಸಿ ಮಾರುವವರೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿಕೊಳ್ಳಬೇಕು. ಇದು ಕೇರಳಕ್ಕೆ ಮಾತ್ರವಲ್ಲ, ಕರ್ನಾಟಕದ ಸಹೋದರಿಯರಿಗೂ ಅನ್ವಯಿಸುತ್ತದೆ. ಇದನ್ನು ಕಿರುಕುಳವೆಂದು ತಿಳಿಯಬಾರದು. ನೋಂದಣಿ ಇದ್ದರೆ ಗಿರಾಕಿಗೆ ಭರವಸೆ, ಮಾಡುವವಳಿಗೆ ಗೌರವ.

ಉಮ್ಮನ ಕೈಯ ಅಳತೆ

ಎರಡನೆಯ ದಿನ ಅಸರ್ ಬಳಿಕ ಮನೆಯ ಹಿರಿಯಮ್ಮ ಪೋಲ ಮಾಡಿದರು. ಎಪ್ಪತ್ತು ದಾಟಿದ ಜೀವ. ಕೆಂಡ ಎಷ್ಟಿರಬೇಕೆಂದು ಕೇಳಿದರೆ ಬಾಯಲ್ಲಿ ಹೇಳಲು ಅವರಿಗೆ ಬಾರದು. ಅಂಗೈಯನ್ನು ಮುಚ್ಚಳದ ಮೇಲೆ ಹಿಡಿದು ನೋಡುತ್ತಾರೆ, ಎರಡು ಕೆಂಡ ತೆಗೆಯುತ್ತಾರೆ, ಮತ್ತೆ ಹಿಡಿಯುತ್ತಾರೆ. ಮಗಳು ತಕ್ಕಡಿ ತಂದು ಉಮ್ಮ ಹಾಕುವ ಸಕ್ಕರೆಯನ್ನು ತೂಗಿ ಬರೆದುಕೊಂಡಳು. ಉಮ್ಮನ ಮುಖ ಬಾರದಂತೆ, ಕೈ ಮಾತ್ರ ಕಾಣುವಂತೆ ಫೋನಿನಲ್ಲಿ ಚಿತ್ರಿಸಿದಳು. ಕೊನೆಗೆ ಇದು ಯಾರ ಪಾಕವೆಂದು ಉಮ್ಮನ ಹೆಸರನ್ನೂ ಸೇರಿಸಿದಳು. ನನಗೆ ಬಹಳ ಹಿಡಿಸಿದ್ದು ಇದು. ಇನ್ನೊಬ್ಬರ ಪಾಕವನ್ನು ತನ್ನದೆಂದು ಹಾಕಿಕೊಳ್ಳುವವರು ಹೆಚ್ಚುತ್ತಿರುವಾಗ, ಕಲಿಸಿದವರ ಹೆಸರು ಹೇಳುವುದು ಒಂದು ಪ್ರಾಮಾಣಿಕತೆ.

ನಮ್ಮ ಊರುಗಳಲ್ಲೂ ಇಂಥ ಕೈಗಳಿವೆ. ಅವು ಮಣ್ಣಾಗುವ ಮುನ್ನ ಅವುಗಳ ಅಳತೆಯನ್ನು ಬರೆದಿಡುವ ಸಾಧನ ಇಂದು ಪ್ರತಿ ಮನೆಯಲ್ಲಿದೆ. ಮಾರುವ ಸಹೋದರಿಯರು ತಮ್ಮ ದುಡಿಮೆಯ ಗಂಟೆಗಳನ್ನೂ ಲೆಕ್ಕದ ಪುಸ್ತಕದಲ್ಲಿ ಸೇರಿಸಲಿ. ಕೊಳ್ಳುವ ನಾವೂ ಒಂದು ವಿಷಯ ಯೋಚಿಸಬೇಕು. ಬೇಕರಿಯಲ್ಲಿ ಹೇಳಿದ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟು ಬರುವ ನಾವು, ನೆರೆಮನೆಯ ಹೆಣ್ಣುಮಗಳು ನಿದ್ದೆಗೆಟ್ಟು ಮಾಡಿದ ಕೇಕಿಗೆ ಮಾತ್ರ ಚೌಕಾಸಿ ಮಾಡುತ್ತೇವೆ. ಅವಳ ಬೆಲೆಯನ್ನು ಅವಳು ಹೇಳಲಿ, ನಾವು ಕೊಡೋಣ.