ನೂರು ಹೆಜ್ಜಿ ಮುಂದ

ಕಳೆದ ದಸರೆಗೆ ಕುಪ್ಪೇಲೂರಿಗೆ ಹೋಗುವಾಗ ಲ್ಯಾಪ್‌ಟಾಪಿನಲ್ಲಿ ಒಂದು ಭಾಷೆ ತಗೊಂಡು ಹೋಗಿದ್ದೆ. ನಗಬೇಡಿ, ನಿಜವಾಗ್ಲೂ ಭಾಷೇನೇ. ಏಳನೇ ಕ್ಲಾಸಿನಲ್ಲಿ ಓದುವ ಅಕ್ಕನ ಮಗಳಿಗೆ ಪ್ರೋಗ್ರಾಮಿಂಗ್ ಕಲಿಸಬೇಕು ಅಂತ ಎರಡು ವೀಕೆಂಡ್ ಕೂತು ಪೈಥಾನ್‌ನಲ್ಲಿ ಒಂದು ಪುಟ್ಟ ಇಂಟರ್‌ಪ್ರಿಟರ್ ಬರೆದಿದ್ದೆ. ಕನ್ನಡದಲ್ಲಿ ಆಜ್ಞೆ ಟೈಪ್ ಮಾಡಿದರೆ ಪರದೆ ಮೇಲೆ ಒಂದು ಆಮೆ ಗೆರೆ ಎಳೆಯುತ್ತಾ ಹೋಗುತ್ತೆ, ನಮ್ಮೂರ ಹೊಲದಲ್ಲಿ ಕೂರಿಗೆ ಸಾಲು ಬಿಡುತ್ತಾ ಹೋಗುತ್ತಲ್ಲ, ಹಾಗೆ.

ಐಡಿಯಾ ನನ್ನದಲ್ಲ. ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫರ್ಜೈಗ್ ಅವರು 1967ರಲ್ಲೇ ಅಮೆರಿಕದಲ್ಲಿ ಮಕ್ಕಳಿಗಾಗಿ ಲೋಗೊ ಅನ್ನೋ ಭಾಷೆ ಮಾಡಿದ್ದರು. ಆಮೆ ಆಮೇಲೆ ಬಂದು ಸೇರಿಕೊಂಡಿತು. ಡಾ. ಯು.ಬಿ. ಪವನಜ ಅವರು ಲೋಗೊವನ್ನು ಕನ್ನಡಕ್ಕೂ ತಂದಿದ್ದಾರೆ. ಆದರೂ ನಾನೇ ಒಂದು ಬರೆಯೋಕೆ ಒಂದು ಹಳೇ ಸಿಟ್ಟು ಕಾರಣ.

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಬಿ.ಇ. ಮೊದಲ ವರ್ಷದ ಸಿ ಲ್ಯಾಬಿನಲ್ಲಿ ಪರದೆ ಮೇಲೆ ಬಂದ 'ಸಿಂಟ್ಯಾಕ್ಸ್ ಎರರ್' ಅಂದ್ರೆ ಏನು ಅಂತ ಕೇಳಿದ್ದಕ್ಕೆ, 'ಇಂಗ್ಲಿಷೂ ಬರಲ್ವಾ?' ಅಂದರು. ಇಡೀ ಲ್ಯಾಬ್ ನಕ್ಕಿತು. ಆ ಸೆಮಿಸ್ಟರ್ ಪೂರ್ತಿ ನಾನು ಬಾಯಿ ಬಿಡಲಿಲ್ಲ, ಪಕ್ಕದವನ ರೆಕಾರ್ಡ್ ನೋಡಿ ಬರೆದೆ. ನಮ್ಮ ಹುಡುಗಿಗೆ ಹಾಗಾಗಬಾರದು ಅಂತ ಈ ಭಾಷೆ.

ಇಂಟರ್‌ಪ್ರಿಟರ್ ಅಂದ್ರೆ ದೊಡ್ಡ ಮಂತ್ರವೇನಲ್ಲ. ಸಾಲನ್ನು ಪದಗಳಾಗಿ ಒಡೆಯೋದು, ಪ್ರತಿ ಪದ ತನ್ನ ಪಟ್ಟಿಯಲ್ಲಿ ಇದೆಯಾ ನೋಡೋದು, ಇದ್ದರೆ ಅದರ ಎದುರಿಗಿರುವ ಕೆಲಸ ಮಾಡೋದು. ಕಂಪೈಲರ್ ಇಡೀ ಪ್ರೋಗ್ರಾಮನ್ನು ಮೊದಲೇ ಅನುವಾದ ಮಾಡಿಡುತ್ತೆ, ಇದು ಆಗಿಂದಾಗ್ಗೆ ಅರ್ಥ ಮಾಡಿಕೊಂಡು ನಡೆಸುತ್ತೆ. ಕನ್ನಡದಲ್ಲಿ ಮಾಡೋಕೆ ಹೊರಟರೆ ಒಂದೆರಡು ಮುಳ್ಳು ಜಾಸ್ತಿ. ಕನ್ನಡದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ ಥರ ದುಂಡಗೆ ಕಂಡರೂ ಯೂನಿಕೋಡಿನಲ್ಲಿ ಬೇರೆ ಬೇರೆ. 'ಕೊನೆ' ಪದದ 'ಕೊ' ಇದೆಯಲ್ಲ, ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎರಡು ತುಂಡು ಸೇರಿಸಿಯೂ ಬರೆಯಬಹುದು. ನೋಡೋಕೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಪದ. ಮೊದಲೇ ಎಲ್ಲವನ್ನೂ ಒಂದು ರೂಪಕ್ಕೆ ತಂದುಕೊಳ್ಳದಿದ್ದರೆ ಮಗು ಸರಿಯಾಗಿ ಬರೆದದ್ದೂ ತಪ್ಪಾಗುತ್ತೆ. ಇದನ್ನೆಲ್ಲ ಸರಿ ಮಾಡಿದೆ ಅನ್ನೋ ಜಂಬದಲ್ಲೇ ಊರಿಗೆ ಹೋದೆ.

ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, 'ಆಮೆ ನೂರು ಹೆಜ್ಜೆ ಹೋಗ್ಲಿ, ಏನು ಹೇಳ್ತೀ ಹೇಳು' ಅಂದೆ. ಅವಳು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದಳು: '100 ಮುಂದ'.

ಪರದೆ ಮೇಲೆ ಕೆಂಪಗೆ ಬಂತು: 'ತಪ್ಪು. ಸಾಲು 1.'

'ಮಾಮಾ, ನಾ ಏನ್ ತಪ್ಪ್ ಬರದೀನಿ? ನೂರ್ ಹೆಜ್ಜಿ ಮುಂದ ಹೋಗು ಅಂತ ಅಂದೀನಿ ಅಷ್ಟ.'

ಅವಳು ಏನೂ ತಪ್ಪು ಬರೆದಿರಲಿಲ್ಲ. ನಾನು 'ಮುಂದೆ 100' ಅಂತ ಬರೆಯಬೇಕು ಅಂದುಕೊಂಡಿದ್ದೆ. ಲೋಗೊದಲ್ಲಿ ಮೊದಲು 'ಫಾರ್ವರ್ಡ್', ಆಮೇಲೆ ಸಂಖ್ಯೆ. ಪದ ಮಾತ್ರ ಕನ್ನಡಕ್ಕೆ ತಂದೆ, ವಾಕ್ಯದ ಬೆನ್ನೆಲುಬು ಇಂಗ್ಲಿಷಿನದೇ ಉಳಿಯಿತು. ಕನ್ನಡದಲ್ಲಿ ಕೆಲಸ ಕೊನೆಗೆ ಬರುತ್ತೆ. ಅದೂ ಸಾಲದು ಅಂತ ಅವಳ ಮನೆಮಾತಿನ 'ಮುಂದ'ವನ್ನು ನನ್ನ ಪಟ್ಟಿ ಒಳಗೇ ಬಿಟ್ಟುಕೊಂಡಿರಲಿಲ್ಲ. ಲ್ಯಾಬಿನಲ್ಲಿ ನನಗೆ ಆದದ್ದನ್ನೇ ನಾನು ಕನ್ನಡದಲ್ಲಿ, ಕೆಂಪಕ್ಷರದಲ್ಲಿ, ನನ್ನ ಅಕ್ಕನ ಮಗಳಿಗೆ ಮಾಡಿದ್ದೆ. ಅವಳು ಕೈ ಹಿಂದಕ್ಕೆ ಎಳಕೊಂಡಳು. ಆ ಕೈ ನನಗೆ ಗೊತ್ತು.

ರಾತ್ರಿ ಕೂತು ತಿದ್ದಿದೆ. ತಮಾಷೆ ಅಂದ್ರೆ ಕನ್ನಡದ ಕ್ರಮ ಇಂಟರ್‌ಪ್ರಿಟರಿಗೆ ಸುಲಭವೇ ಆಯ್ತು. ಸಂಖ್ಯೆ ಬಂದರೆ ಒಂದರ ಮೇಲೊಂದು ಪೇರಿಸಿಡು, ಕ್ರಿಯೆ ಬಂದಾಗ ಮೇಲಿಂದ ತೆಗೆದುಕೋ. ಫೋರ್ತ್ ಅನ್ನೋ ಹಳೇ ಭಾಷೆ ನಡೆಯೋದೂ ಹೀಗೇ. 'ಮುಂದೆ', 'ಮುಂದ', 'ಮುಂದಕ್ಕ' ಮೂರಕ್ಕೂ ಪಟ್ಟಿಯಲ್ಲಿ ಒಂದೇ ಕೆಲಸ ಕೊಟ್ಟೆ. ಇನ್ನು ಪಟ್ಟಿಯಲ್ಲಿ ಇಲ್ಲದ ಪದ ಬಂದರೆ? ಹತ್ತಿರದ ಪದ ಯಾವುದೋ ಊಹೆ ಮಾಡಿ ನಡೆಸಿಬಿಡ್ಲಾ ಅಂತ ಯೋಚನೆ ಬಂತು.

ಮಾರನೇ ದಿನ ಆಯುಧಪೂಜೆ. ಎಲ್ಲರೂ ದೇವರಗುಡ್ಡದ ಮಾಲತೇಶನ ಕಾರಣಿಕಕ್ಕೆ ಹೋದೆವು. ನೋಡಿಲ್ಲದವರಿಗೆ ಹೇಳಬೇಕಂದ್ರೆ, ಗೊರವಯ್ಯ ಎತ್ತರದ ಬಿಲ್ಲು ಏರಿ 'ಸದ್ದಲೇ' ಅಂತಾನೆ. ಅಷ್ಟು ಜನ ಒಮ್ಮೆಗೇ ಗಪ್ ಆಗ್ತಾರೆ. ಒಂದೇ ಒಂದು ವಾಕ್ಯ ನುಡಿದು ಕೆಳಗೆ ಬೀಳ್ತಾನೆ. ಆಮೇಲೆ ಶುರು ಅರ್ಥ ಹಚ್ಚೋದು. ಒಬ್ಬರಿಗೆ ಅದರಲ್ಲಿ ಮಳೆ, ಇನ್ನೊಬ್ಬರಿಗೆ ಗೋವಿನಜೋಳದ ರೇಟು, ಮತ್ತೊಬ್ಬರಿಗೆ ಬೆಂಗಳೂರಿನ ಕುರ್ಚಿ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಮಾತು.

ಜನಕ್ಕೆ ಅದೇ ಚೆಂದ. ಆದರೆ ಹೊಸದಾಗಿ ಕಲಿಯುವವರಿಗೆ ಅರ್ಥ ಊಹಿಸುವ ಯಂತ್ರ ಕೊಟ್ಟರೆ, ಆಮೆ ಯಾಕೆ ಎಡಕ್ಕೆ ಹೋಯ್ತು ಅಂತ ಅವರಿಗೆ ಎಂದೂ ತಿಳಿಯಲ್ಲ. ಹಾಗಾಗಿ ಊಹೆ ಬೇಡ, ಕೇಳೋದೇ ಸರಿ ಅನ್ನಿಸ್ತು. 'ತಪ್ಪು' ತೆಗೆದು ಹೀಗೆ ಬರೆದೆ: '"ಎಡಕ" ನನಗೆ ತಿಳಿಲಿಲ್ಲ. "ಎಡಕ್ಕ" ಅಂತ ಅಂದ್ಯಾ?' ತಿಳಿಯದೇ ಇದ್ದದ್ದು ಯಂತ್ರಕ್ಕೆ. ಹೇಳಿದವಳಿಗಲ್ಲ.

ಆಮೇಲೆ ಅವಳು ಯಾರನ್ನೂ ಕೇಳಲಿಲ್ಲ. '4 ಸಲ', '100 ಮುಂದ', '90 ಬಲಕ್ಕ', 'ಕೊನೆ' ಅಂತ ನಾಲ್ಕು ಸಾಲು ಬರೆದಳು. ಆಮೆ ಚೌಕ ಹಾಕಿತು. ಅಕ್ಕ ಒಲೆ ಮುಂದಿಂದ ಎದ್ದು ಬಂದು ನೋಡಿದಳು.

ಈ ಭಾಷೆಯಿಂದ ಅವಳಿಗೆ ಕೆಲಸ ಸಿಗಲ್ಲ. ಮುಂದೆ ಅವಳು ಪೈಥಾನೂ ಕಲಿಯಬೇಕು, ಇಂಗ್ಲಿಷೂ ಕಲಿಯಬೇಕು, ಕಲಿತಾಳೆ. ಆದರೆ ಮೊದಲ ದಿನ ಕೈ ಹಿಂದಕ್ಕೆ ಎಳಕೊಂಡವರಿಗೆ ಅಲ್ಲಿಗೆ ಹೋಗೋಕೆ ಎಷ್ಟು ವರ್ಷ ಬೇಕು ಅನ್ನೋದು ನನಗೆ ಗೊತ್ತು.

ಹೊರಡುವ ದಿನ ಬ್ಯಾಗ್ ತುಂಬುವಾಗ ಬಂದು ನಿಂತಳು. 'ಮಾಮಾ, ಒಂದ್ ಶಬ್ದ ಹಾಕಿಕೊಡು. ಹೊಳ್ಳು ಅಂದ್ರ ಆಮಿ ಪೂರ್ತಿ ಹಿಂದ ತಿರುಗಬೇಕು.'

ನಾನು '180 ಬಲಕ್ಕೆ' ಅಂತ ಬರೆದರೆ ಆಯ್ತಲ್ಲ ಅನ್ನೋನಿದ್ದೆ. ಆದರೆ 'ಹೊಳ್ಳು' ಅನ್ನೋ ಪದವನ್ನು ಬೆಂಗಳೂರಿಗೆ ಬಂದಮೇಲೆ ನಾನು ಒಮ್ಮೆಯೂ ಬಳಸಿದ ನೆನಪಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು. ಲ್ಯಾಪ್‌ಟಾಪ್ ಮತ್ತೆ ಹೊರಗೆ ತೆಗೆದು ಆ ಪದ ಸೇರಿಸಿ, ಆಮೆ ಹೊಳ್ಳಿದ್ದನ್ನು ಅವಳಿಗೆ ತೋರಿಸಿಯೇ ಹೊರಟೆ.